ಕೋಡಿನ ಕಟ್ಟೆ: ಎಳೆದ ಫೈಲು ಬೀಳ್ತಿಲ್ಲ ಅನ್ನೋರಿಗೆ

ಹೋದ ಸಂಚಿಕೇಲಿ ಯಾವುದೋ ಉತ್ತರದ ಕೊನೆಗೆ "ಬ್ರೌಸ್ ಬಟನ್ ಜೊತೆಗೆ ಫೈಲನ್ನ ಎಳೆದು ಹಾಕೋ ಸೌಕರ್ಯನೂ ಕೊಡಿ, ಬಳಸೋರಿಗೆ ಖುಷಿಯಾಗುತ್ತೆ" ಅಂತ ಒಂದು ಸಾಲು ಬರೆದು ಸುಮ್ನಾಗಿದ್ದೆ. ಬಳಸೋರಿಗೆ ಖುಷಿಯಾಯ್ತೋ ಇಲ್ವೋ ಗೊತ್ತಿಲ್ಲ, ಕೋಡ್ ಬರೆಯೋರಿಗಂತೂ ಆಗಿಲ್ಲ ಅನ್ನೋದು ಈ ತಿಂಗಳು ಬಂದಿರೋ ಪತ್ರಗಳನ್ನ ನೋಡಿದ್ರೇನೇ ಗೊತ್ತಾಗುತ್ತೆ. ಅದಕ್ಕೇ ಈ ಸಲ ಪೂರ್ತಿ ಡ್ರ್ಯಾಗ್ ಅಂಡ್ ಡ್ರಾಪ್ ಮೇಲೆನೇ ಕೂತ್ಕೊಂಡಿದೀನಿ, ಬೇರೆ ಪ್ರಶ್ನೆ ಕೇಳಿದೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನಮ್ಮೂರಲ್ಲಿ ಒಂದು ಫೋಟೋ ಸ್ಟುಡಿಯೋಗೆ ಆಲ್ಬಂ ಸಾಫ್ಟ್‌ವೇರ್ ಮಾಡಿಕೊಡ್ತಿದೀನಿ, ಸಿ ಶಾರ್ಪ್ ಭಾಷೆ, ಪರದೆ ಕಟ್ಟೋಕೆ ವಿನ್‌ಫಾರ್ಮ್ಸ್. ಪ್ಯಾನೆಲ್ ಮೇಲೆ ಫೋಟೋ ಎಳೆದು ಬಿಟ್ರೆ ತಗೋಬೇಕು. ಡ್ರ್ಯಾಗ್‌ಡ್ರಾಪ್ ಇವೆಂಟ್‌ಗೆ ಹ್ಯಾಂಡ್ಲರ್ (ಬಿಟ್ಟಾಗ ಓಡಬೇಕಾದ ಕೋಡ್) ಬರೆದಿದೀನಿ, ಒಳಗಡೆ ಓಟ ನಿಲ್ಲಿಸಿ ನೋಡೋಕೆ ಬ್ರೇಕ್‌ಪಾಯಿಂಟ್ ಇಟ್ಟಿದೀನಿ, ಅಲ್ಲಿಗೆ ಬರೋದೇ ಇಲ್ಲ. ಪ್ಯಾನೆಲ್ ಮೇಲೆ ತಂದ ತಕ್ಷಣ ಕರ್ಸರ್ ಅಡ್ಡಗೆರೆ ಹೊಡೆದ ಸೊನ್ನೆ ಆಗುತ್ತೆ. ಎರಡು ದಿನ ಆಯ್ತು ಸರ್. (ಹಾಸನದಿಂದ ಒಬ್ಬ ಓದುಗರು)

ಉತ್ತರ: ಎರಡೇ ದಿನ ತಾನೇ, ನಂಗೆ ಮೊದಲ ಸಲ ಮೂರು ದಿನ ಹಿಡಿದಿತ್ತು. ನಿಮ್ಮ ಡ್ರ್ಯಾಗ್‌ಡ್ರಾಪ್ ಹ್ಯಾಂಡ್ಲರ್‌ನಲ್ಲಿ ತಪ್ಪೇನೂ ಇಲ್ಲ, ಅದಕ್ಕಿಂತ ಮುಂಚೆ ನಡೀಬೇಕಾದ ಮಾತುಕತೆ ನಡೆದಿಲ್ಲ ಅಷ್ಟೇ.

ನಾವೆಲ್ಲ ಮಾಡೋ ತಪ್ಪು ಏನಂದ್ರೆ ಇದನ್ನ ಕ್ಲಿಕ್ ಥರ ಅಂದ್ಕೊಳ್ಳೋದು. ಕ್ಲಿಕ್ ಆದ್ರೆ ಬಳಸೋರು ಒತ್ತಿದ್ರು, ಇವೆಂಟ್ ಬಂತು, ಮುಗೀತು. ಎಳೆದು ಬಿಡೋದು ಹಾಗಲ್ಲ, ಅಲ್ಲಿ ಇಬ್ಬರಿದ್ದಾರೆ, ಕೊಡೋರು ಒಬ್ಬರು ತಗೊಳ್ಳೋರು ಒಬ್ಬರು, ನಿಮ್ಮ ವಿಷಯದಲ್ಲಿ ಕೊಡೋದು ಫೈಲ್ ಎಕ್ಸ್‌ಪ್ಲೋರರ್, ತಗೊಳ್ಳೋದು ನಿಮ್ಮ ಪ್ಯಾನೆಲ್. ಹೊಸ್ತಿಲ ಹತ್ರ ಬಂದೋರು "ಇಂಥದ್ದು ತಂದಿದೀನಿ, ತಗೋತೀರಾ?" ಅಂತ ಕೇಳ್ತಾರೆ, ಒಳಗಿರೋರು ಹೂಂ ಅನ್ನಬೇಕು. ನೀವು ಹೂಂನೂ ಅಂದಿಲ್ಲ ಉಹೂಂನೂ ಅಂದಿಲ್ಲ, ಸುಮ್ನಿದ್ದೀರ. ವಿಂಡೋಸ್ ಲೆಕ್ಕದಲ್ಲಿ ಸುಮ್ನಿದ್ರೆ ಬೇಡ ಅಂತಲೇ ಅರ್ಥ. ಆ ಅಡ್ಡಗೆರೆ ಸೊನ್ನೆ ಬರೋದು ಅದಕ್ಕೇ.

ಮೊದಲು ಪ್ಯಾನೆಲ್‌ನ ಅಲೌಡ್ರಾಪ್ ಪ್ರಾಪರ್ಟಿ ಟ್ರೂ ಮಾಡಿ, ಅದು ಹುಟ್ಟಾ ಫಾಲ್ಸ್ ಇರುತ್ತೆ. ಟ್ರೂ ಮಾಡಿದಾಗ ವಿನ್‌ಫಾರ್ಮ್ಸ್ ಹಿಂದೆ ರಿಜಿಸ್ಟರ್‌ಡ್ರ್ಯಾಗ್‌ಡ್ರಾಪ್ ಅನ್ನೋ ಓಎಲ್ಇ (ಪ್ರೋಗ್ರಾಂಗಳು ಡೇಟಾ ಹಂಚಿಕೊಳ್ಳೋ ವಿಂಡೋಸ್ ವ್ಯವಸ್ಥೆ) ಫಂಕ್ಷನ್ ಕರೆದು ಈ ವಿಂಡೋ ಹೆಸರನ್ನ ಬರೆಸುತ್ತೆ. (ಇಲ್ಲೇ "ಡ್ರ್ಯಾಗ್‌ಡ್ರಾಪ್ ರಿಜಿಸ್ಟ್ರೇಷನ್ ಡಿಡ್ ನಾಟ್ ಸಕ್ಸೀಡ್" ಅಂತ ಎರರ್ ಬಿದ್ರೆ ನಿಮ್ಮ ಮೇನ್ ಫಂಕ್ಷನ್ ಮೇಲೆ ಎಸ್‌ಟಿಎಥ್ರೆಡ್ ಅನ್ನೋ ಆಟ್ರಿಬ್ಯೂಟ್ ಇದೆಯಾ ನೋಡಿ, ಯಾರೋ ಅಳಿಸಿರ್ತಾರೆ, ಇಲ್ಲಾ ಫಾರ್ಮನ್ನ ಬೇರೆ ಥ್ರೆಡ್‌ನಲ್ಲಿ ತೆರೆದಿರ್ತೀರ.) ಆಮೇಲೆ ಡ್ರ್ಯಾಗ್‌ಎಂಟರ್ ಇವೆಂಟ್‌ಗೆ ಇನ್ನೊಂದು ಹ್ಯಾಂಡ್ಲರ್ ಬರೀರಿ. ಅದರಲ್ಲಿ ಎರಡೇ ಕೆಲಸ, ಬಂದಿರೋ ಡೇಟಾದಲ್ಲಿ ಫೈಲ್‌ಡ್ರಾಪ್ ಫಾರ್ಮ್ಯಾಟ್ ಇದೆಯಾ ಅಂತ ಗೆಟ್‌ಡೇಟಾಪ್ರೆಸೆಂಟ್‌ನಿಂದ ಕೇಳೋದು, ಇದ್ರೆ ಆರ್ಗ್ಯುಮೆಂಟ್‌ನ ಎಫೆಕ್ಟ್ ಪ್ರಾಪರ್ಟಿಗೆ ಕಾಪಿ ಅಂತ ಹಾಕೋದು. ಎಫೆಕ್ಟ್ ನನ್ (ಏನೂ ಬೇಡ) ಅಂತಲೇ ಶುರುವಾಗುತ್ತೆ, ನೀವು ಬದಲಾಯಿಸದೇ ಇದ್ರೆ ಡ್ರ್ಯಾಗ್‌ಡ್ರಾಪ್ ಇವೆಂಟ್ ಜನ್ಮದಲ್ಲಿ ಬರಲ್ಲ. ನಿಮ್ಮ ಬ್ರೇಕ್‌ಪಾಯಿಂಟ್ ಕಾಯ್ತಾ ಕೂತಿದ್ದು ಅದಕ್ಕೇ.

ಡ್ರ್ಯಾಗ್‌ಎಂಟರ್ ಒಳಗೆ ಬಂದಾಗ ಒಂದೇ ಸಲ ಬರುತ್ತೆ, ಡ್ರ್ಯಾಗ್‌ಓವರ್ ಮೇಲಿರೋ ಅಷ್ಟು ಹೊತ್ತೂ ಬರ್ತಾನೇ ಇರುತ್ತೆ. ಪ್ಯಾನೆಲ್‌ನ ಎಡ ಭಾಗದಲ್ಲಿ ತಗೋತೀನಿ ಬಲ ಭಾಗದಲ್ಲಿ ತಗೊಳ್ಳಲ್ಲ ಅನ್ನೋ ಥರ ಏನಾದ್ರೂ ಇದ್ರೆ ಮಾತ್ರ ಡ್ರ್ಯಾಗ್‌ಓವರ್ ಮುಟ್ಟಿ. ಮುಟ್ಟಿದ್ರೂ ಅಲ್ಲಿ ಡಿಸ್ಕ್ ಓದೋದು, ಡೇಟಾಬೇಸ್ ಕೇಳೋದು ಮಾಡಬೇಡಿ, ಕರ್ಸರ್ ಕುಂಟುತ್ತೆ.

ಇನ್ನೊಂದು ಹೇಳಿಬಿಡ್ತೀನಿ ಯಾಕಂದ್ರೆ ಇದು ಗೊತ್ತಿಲ್ದೆ ಇನ್ನೆರಡು ದಿನ ಕಳೀತೀರ. ಎಕ್ಸ್‌ಪ್ಲೋರರ್‌ನಿಂದ ಎಳೆದು ಬಿಟ್ಟಾಗ ಈ ಹ್ಯಾಂಡ್ಲರ್ ಒಳಗಡೆ ಎಕ್ಸೆಪ್ಷನ್ ಬಿದ್ರೆ ಪ್ರೋಗ್ರಾಂ ನಿಲ್ಲಲ್ಲ, ಎರರ್ ಬಾಕ್ಸ್ ಬರಲ್ಲ, ಎರಡು ಪ್ರೋಗ್ರಾಂಗಳ ಮಧ್ಯೆ ಮಾತು ದಾಟಿಸೋ ವಿಂಡೋಸ್‌ನ ಕಾಂ ಪದರ ಅದನ್ನ ಸದ್ದಿಲ್ಲದೆ ನುಂಗಿಬಿಡುತ್ತೆ. ಹೊರಗಿಂದ ನೋಡೋರಿಗೆ "ಏನೂ ಆಗ್ಲಿಲ್ಲ" ಅಷ್ಟೇ. ಹಾಗಾಗಿ ಎಕ್ಸೆಪ್ಷನ್ ಹಿಡಿಯೋ ಟ್ರೈ ಕ್ಯಾಚ್ ನೀವೇ ಹಾಕಿ, ಕ್ಯಾಚ್‌ನಲ್ಲಿ ಲಾಗ್ ಬರೀರಿ. ನಾನು ಸಾಮಾನ್ಯವಾಗಿ ಎಲ್ಲಾ ಕಡೆ ಟ್ರೈ ಕ್ಯಾಚ್ ಮೆತ್ತೋರನ್ನ ಬೈಯೋನು, ಇಲ್ಲಿ ಮಾತ್ರ ಕೈಮುಗಿದು ಹಾಕಿ ಅಂತೀನಿ.

ಪ್ರಶ್ನೆ: ನೀವು ಮೇಲೆ ಏನೇನು ಹೇಳ್ತೀರೋ ಅದೆಲ್ಲಾ ಮಾಡಿದೀನಿ ಅಂದ್ಕೊಳ್ಳಿ. ಎಕ್ಸಿಇ ಡಬಲ್ ಕ್ಲಿಕ್ ಮಾಡಿದ್ರೆ ಕೆಲಸ ಮಾಡುತ್ತೆ, ಕೋಡ್ ಬರೆಯೋ ವಿಷುವಲ್ ಸ್ಟುಡಿಯೋ ಒಳಗಿಂದ ರನ್ ಮಾಡಿದ್ರೆ ಮಾಡಲ್ಲ. ಡ್ರ್ಯಾಗ್‌ಎಂಟರ್ ಕೂಡ ಬರಲ್ಲ. ಹೀಗೂ ಆಗುತ್ತಾ? (ಹುಬ್ಬಳ್ಳಿ)

ಉತ್ತರ: ಆಗ್ತದ ರೀ. ನಿಮ್ಮ ವಿಷುವಲ್ ಸ್ಟುಡಿಯೋ ಟೈಟಲ್ ಹತ್ರ ಅಡ್ಮಿನಿಸ್ಟ್ರೇಟರ್ ಅಥವಾ ಅಡ್ಮಿನ್ ಅಂತ ಬರೆದಿದೆಯಾ ನೋಡಿ, ನೂರಕ್ಕೆ ತೊಂಬತ್ತು ಇರುತ್ತೆ. ವಿಂಡೋಸ್ ವಿಸ್ತಾ ಕಾಲದಿಂದ ಒಂದು ನಿಯಮ ಬಂದಿದೆ, ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಪ್ರೋಗ್ರಾಂನ ವಿಂಡೋಗೆ ಬೇಕಾದ ಹಾಗೆ ಮೆಸೇಜ್ ಕಳಿಸೋ ಹಾಗಿಲ್ಲ, ಯುಐಪಿಐ ಅಂತಾರೆ ಇದಕ್ಕೆ. ಎಕ್ಸ್‌ಪ್ಲೋರರ್ ಓಡೋದು ಸಾಮಾನ್ಯ ಬಳಕೆದಾರರಾಗಿ, ನಿಮ್ಮ ಸ್ಟುಡಿಯೋ ಅಡ್ಮಿನ್ ಆಗಿ, ಅದು ಎಬ್ಬಿಸಿದ ನಿಮ್ಮ ಪ್ರೋಗ್ರಾಮೂ ಅಡ್ಮಿನ್. ಎಕ್ಸ್‌ಪ್ಲೋರರ್ ಕೂಗಿದ್ದು ಗೋಡೆಯಾಚೆ ಕೇಳಿಸೋದೇ ಇಲ್ಲ. ಸ್ಟುಡಿಯೋ ಮುಚ್ಚಿ ಅಡ್ಮಿನ್ ಇಲ್ಲದೆ ತೆಗೀರಿ, ಸರಿಹೋಗುತ್ತೆ.

ಇದರಲ್ಲಿ ನಾನು ಬಿದ್ದ ಹಳ್ಳ ಬೇರೆ. ಒಂದು ಲೆಕ್ಕಪತ್ರದ ಕಚೇರಿಗೆ ಪ್ರೋಗ್ರಾಂ ಹಾಕಿಕೊಟ್ಟಿದ್ದೆ, ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿತ್ತು, ಅಲ್ಲಿ ಎಳೆದು ಹಾಕೋಕೆ ಆಗ್ತಿರಲಿಲ್ಲ, ಮಧ್ಯಾಹ್ನ ಊಟ ಬಿಟ್ಟು ಕೋಡ್ ನೋಡ್ತಾ ಕೂತಿದೀನಿ. ಸಂಜೆ ಅಲ್ಲಿನ ಹುಡುಗ ಒಬ್ಬ "ಸರ್ ನಿಮ್ಮ ಸಾಫ್ಟ್‌ವೇರ್ ಸೇವ್ ಆಗ್ತಿರ್ಲಿಲ್ಲ, ಅದಕ್ಕೆ ನಾನೇ ಶಾರ್ಟ್‌ಕಟ್‌ಗೆ ರನ್ ಆಸ್ ಅಡ್ಮಿನ್ ಟಿಕ್ ಹಾಕಿದೀನಿ" ಅಂದ. ಸೇವ್ ಯಾಕೆ ಆಗ್ತಿರಲಿಲ್ಲ ಅಂದ್ರೆ ನಾನು ಫೈಲನ್ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೇ ಬರೀತಿದ್ದೆ. ತಪ್ಪು ನಂದೇ, ಅದೂ ಡ್ರ್ಯಾಗ್‌ಗೆ ಸಂಬಂಧವೇ ಇಲ್ಲದ ಕಡೆ.

ಪ್ರೋಗ್ರಾಂ ಅಡ್ಮಿನ್ ಆಗಿಯೇ ಓಡಬೇಕು ಅಂತಿದ್ರೆ ಹಳೇ ದಾರಿ ಒಂದಿದೆ, ವಿಂಡೋಸ್ 3.1 ಕಾಲದ ಡಬ್ಲ್ಯೂಎಂ ಡ್ರಾಪ್‌ಫೈಲ್ಸ್ ಮೆಸೇಜ್. ವಿಂಡೋಸ್ 7ರಿಂದ ಈಚೆಗೆ ಚೇಂಜ್‌ವಿಂಡೋಮೆಸೇಜ್‌ಫಿಲ್ಟರ್‌ಎಕ್ಸ್ ಕರೆದು ಆ ಮೆಸೇಜ್‌ಗೆ ಬಾಗಿಲು ತೆಗೀಬಹುದು. ಮಾಡಬಹುದು ಅಂತ ಹೇಳಿದೆ, ಮಾಡಿ ಅಂತಲ್ಲ.

ಪ್ರಶ್ನೆ: ನಮಸ್ತೆ. ಎರಡು ತೊಂದರೆ. ಹಳೇ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಂದಿದೆ, ಅದಕ್ಕೆ "ಮದುವೆ" ಅಂತ ಕನ್ನಡದಲ್ಲಿ ಹೆಸರಿಟ್ಟ ಫೈಲ್ ಎಳೆದು ಹಾಕಿದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ. ಇದನ್ನ ಬಿಟ್ಟು ಪೈಥಾನ್ ಭಾಷೆ, ಪರದೆ ಕಟ್ಟೋ ಕ್ಯೂಟಿ ಲೈಬ್ರರಿಯಲ್ಲಿ ಹೊಸದಾಗಿ ಬರೆದೆ, ಉಬುಂಟು ಲಿನಕ್ಸ್‌ನಲ್ಲಿ ಅದೇ ಫೈಲ್ ಹಾಕಿದ್ರೆ ಶೇಕಡಾ ಚಿಹ್ನೆಗಳ ದೊಡ್ಡ ಮೆರವಣಿಗೆ ಬರುತ್ತೆ. ಇಂಗ್ಲಿಷ್ ಹೆಸರಿದ್ರೆ ಎರಡೂ ಕಡೆ ಸರಿ. ಕನ್ನಡಕ್ಕೇ ಯಾಕೆ ಹೀಗೆ? (ಶಿವಮೊಗ್ಗ)

ಉತ್ತರ: ಈ ಪತ್ರಕ್ಕೆ ಕಾಯ್ತಿದ್ದೆ ಅಂತಲೇ ಹೇಳಬೇಕು. ಎರಡೂ ಕಡೆ ಕಾರಣ ಬೇರೆ ಬೇರೆ.

ಹಳೇ ಪ್ರೋಗ್ರಾಂ ಮೊದಲು ನೋಡೋಣ. ಅದು ಡ್ರ್ಯಾಗ್‌ಕ್ವೆರಿಫೈಲ್ ಅನ್ನೋ ಫಂಕ್ಷನ್ ಕರೆದು ಫೈಲ್ ಹೆಸರು ತಗೋತಿರುತ್ತೆ. ಆ ಫಂಕ್ಷನ್ ಎರಡು ವೇಷದಲ್ಲಿದೆ, ಹೆಸರಿನ ಕೊನೆಗೆ ಎ ಇರೋದು ಒಂದು, ಡಬ್ಲ್ಯೂ ಇರೋದು ಇನ್ನೊಂದು. ಎ ಅಂದ್ರೆ ಹಳೇ ಕೋಡ್ ಪೇಜ್ ಪದ್ಧತಿ (ಕೆಲವೇ ಭಾಷೆಗಳಿಗೆ ಸಾಲೋ ಸಣ್ಣ ಅಕ್ಷರಪಟ್ಟಿ), ಡಬ್ಲ್ಯೂ ಅಂದ್ರೆ ಯೂನಿಕೋಡ್ (ಎಲ್ಲಾ ಭಾಷೆಗೂ ಒಂದೇ ಪಟ್ಟಿ). ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಕ್ಯಾರೆಕ್ಟರ್ ಸೆಟ್ ಯೂನಿಕೋಡ್ ಅಂತ ಇಲ್ದಿದ್ರೆ ನಿಮಗೆ ಗೊತ್ತಿಲ್ದೆ ಎ ಸಿಗುತ್ತೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆ ಥರದ ಹಳೇ ಕೋಡ್ ಪೇಜ್ ಕೊಟ್ಟೇ ಇಲ್ಲ, ನಮ್ಮ ಭಾಷೆ ವಿಂಡೋಸ್‌ಗೆ ಬಂದಿದ್ದೇ ಯೂನಿಕೋಡ್ ಬಾಗಿಲಿಂದ. ಫ್ರೆಂಚ್ ಹೆಸರು, ಜರ್ಮನ್ ಹೆಸರು ಹೇಗೋ 1252 ಅನ್ನೋ ಪಶ್ಚಿಮ ಯುರೋಪಿನ ಕೋಡ್ ಪೇಜ್‌ನಲ್ಲಿ ಬಚಾವಾಗುತ್ತೆ, ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ. "ಮದುವೆ" ಅನ್ನೋದು ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ ಐದು: ಮ, ದ, ಉಕಾರದ ಕೊಂಬು, ವ, ಎಕಾರದ ಏತ್ವ. ನಿಮ್ಮ ಪರದೆ ಮೇಲೆ ಎಣಿಸಿ ನೋಡಿ, ಐದು ಪ್ರಶ್ನಾರ್ಥಕ ಇರಬೇಕು. ಆ ಹೆಸರನ್ನ ವಾಪಸ್ ಕನ್ನಡ ಮಾಡೋಕೆ ಯಾವ ದೇವರಿಗೂ ಆಗಲ್ಲ, ಮಾಹಿತಿ ಅಲ್ಲೇ ಹೋಯ್ತು. ಡಬ್ಲ್ಯೂ ಫಂಕ್ಷನ್ ಕರೀರಿ, ಹೆಸರು ಇಟ್ಕೊಳ್ಳೋ ಅರೇನೂ ವೈಡ್ ಅಕ್ಷರದ್ದಾಗಿರಲಿ. ವಿಂಡೋಸ್ 10ರಲ್ಲಿ ಯುಟಿಎಫ್-8 (ಯೂನಿಕೋಡನ್ನ ಬೈಟ್‌ಗಳಲ್ಲಿ ಬರೆಯೋ ರೀತಿ) ಬೀಟಾ ಅಂತ ಒಂದು ಟಿಕ್ ಇದೆ, ಅದನ್ನ ಹಾಕಿದ್ರೆ ಎ ಫಂಕ್ಷನ್ ಕೂಡ ಕನ್ನಡ ಕೊಡುತ್ತೆ, ಆದ್ರೆ ಗಿರಾಕಿ ಮನೆಗೆಲ್ಲಾ ಹೋಗಿ ಟಿಕ್ ಹಾಕಿ ಬರ್ತೀರಾ?

ಉಬುಂಟು ಕಥೆ ಖುಷಿದು, ಅಲ್ಲಿ ಏನೂ ಕಳೆದುಹೋಗಿಲ್ಲ. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಎಳೆದ ಫೈಲ್‌ಗಳ ಪಟ್ಟಿ ಟೆಕ್ಸ್ಟ್ ಯುಆರ್‌ಐ ಲಿಸ್ಟ್ ಅನ್ನೋ ರೂಪದಲ್ಲಿ ಬರುತ್ತೆ, ಸಾಲಿಗೊಂದು ವಿಳಾಸ, ಶುರುವಿನಲ್ಲಿ ಫೈಲ್ ಕೋಲನ್ ಮೂರು ಸ್ಲ್ಯಾಶ್. ವಿಳಾಸದಲ್ಲಿ ಕನ್ನಡ ಹಾಗೇ ಹಾಕೋ ಹಾಗಿಲ್ಲ, ಯುಟಿಎಫ್-8 ಬೈಟ್ ಒಂದೊಂದನ್ನೂ ಶೇಕಡಾ ಚಿಹ್ನೆ ಹಾಕಿ ಎರಡಂಕಿ ಹೆಕ್ಸ್ ಮಾಡಿ ಬರೀಬೇಕು. ಕನ್ನಡದ ಪ್ರತಿ ಅಕ್ಷರ ಮೂರು ಬೈಟ್, "ಕ" ಅಂದ್ರೆ %ಇ0%ಬಿ2%95. ಹಾಗಾಗಿ "ಮದುವೆ" 15 ಬೈಟ್, ಬರೆದ್ರೆ 45 ಅಕ್ಷರ. ಮೆರವಣಿಗೆ ಅಂದ್ರಲ್ಲ, ಮದುವೆ ಅಂದ್ಮೇಲೆ ಇರ್ಲಿ ಬಿಡಿ.

ನೀವು ಬಹುಶಃ ಎಳೆದು ತಂದಿದ್ದನ್ನ ಕ್ಯೂಟಿ ತುಂಬಿಕೊಡೋ ಮೈಮ್‌ಡೇಟಾದ ಟೆಕ್ಸ್ಟ್ ತಗೊಂಡು ಅದರ ಮೊದಲ ಏಳು ಅಕ್ಷರ ಕತ್ತರಿಸಿ ಪಾತ್ ಮಾಡ್ಕೊಂಡಿದೀರ. ಹಾಗೆ ಮಾಡೋ ಬದಲು ಹ್ಯಾಸ್‌ಯುಆರ್‌ಎಲ್ಸ್ ಕೇಳಿ, ಯುಆರ್‌ಎಲ್ಸ್ ತಗೊಂಡು, ಒಂದೊಂದರ ಮೇಲೂ ಟುಲೋಕಲ್‌ಫೈಲ್ ಕರೀರಿ, ಬಿಡಿಸಿದ ಕನ್ನಡ ಹೆಸರು ಕೈಗೆ ಬರುತ್ತೆ. ಕತ್ತರಿಸೋ ಕೋಡ್‌ಗೆ ಕನ್ನಡವೇ ಬೇಕಿಲ್ಲ, ಇಂಗ್ಲಿಷ್ ಹೆಸರಲ್ಲಿ ಒಂದು ಸ್ಪೇಸ್ ಇದ್ರೂ ಸಾಕು, %20 ಆಗಿ ಸಿಕ್ಕಿಹಾಕ್ಕೊಳ್ಳುತ್ತೆ. ಕನ್ನಡದ ದೆಸೆಯಿಂದ ಬೇಗ ಗೊತ್ತಾಯ್ತು ಅನ್ಕೊಳ್ಳಿ.

ಕ್ಯೂಟಿಯಲ್ಲೂ ಮೊದಲಿನ ಉತ್ತರದ ಮಾತುಕತೆ ಇದ್ದೇ ಇದೆ: ಸೆಟ್‌ಅಕ್ಸೆಪ್ಟ್‌ಡ್ರಾಪ್ಸ್ ಟ್ರೂ, ಡ್ರ್ಯಾಗ್‌ಎಂಟರ್‌ಇವೆಂಟ್‌ನಲ್ಲಿ ಅಕ್ಸೆಪ್ಟ್‌ಪ್ರಪೋಸ್ಡ್‌ಆಕ್ಷನ್, ಆಮೇಲೆ ಡ್ರಾಪ್‌ಇವೆಂಟ್. ಬರೀ ವಿಜೆಟ್ ಆದ್ರೆ ಇಷ್ಟೇ. ಲಿಸ್ಟ್ ವಿಜೆಟ್, ಟೇಬಲ್ ಥರದ್ದಾದ್ರೆ ಡ್ರ್ಯಾಗ್‌ಮೂವ್‌ಇವೆಂಟ್‌ನಲ್ಲೂ ಹೂಂ ಅನ್ನಿ, ಅವಕ್ಕೆ ತಮ್ಮದೇ ಅಭಿಪ್ರಾಯ ಇರುತ್ತೆ, ಎಂಟರ್‌ನಲ್ಲಿ ನೀವು ಹೂಂ ಅಂದಿದ್ದನ್ನ ಮೂವ್‌ನಲ್ಲಿ ಅವು ಉಹೂಂ ಮಾಡಿಬಿಡ್ತವೆ.

ಪ್ರಶ್ನೆ: ನಾನು ಬಿಸಿಎ ಕೊನೇ ವರ್ಷ. ಪ್ರಾಜೆಕ್ಟ್‌ನಲ್ಲಿ ಎರಡು ಲಿಸ್ಟ್‌ಬಾಕ್ಸ್ ಇದೆ, ಎಡಗಡೆ ಎಲ್ಲಾ ವಿದ್ಯಾರ್ಥಿಗಳು, ಬಲಗಡೆ ಟ್ರಿಪ್‌ಗೆ ಬರೋರು. ಎಡದಿಂದ ಬಲಕ್ಕೆ ಎಳೀಬೇಕು. ಎಳೆಯೋವಾಗ ಎಸ್ಕೇಪ್ ಒತ್ತಿದ್ರೆ ಹೆಸರು ಎರಡೂ ಕಡೆ ಮಾಯ! ಆಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ವಿವರ ತೋರಿಸ್ತಿತ್ತು, ಅದೂ ನಿಂತೋಯ್ತು. ಮುಂದಿನ ವಾರ ವೈವಾ ಇದೆ ಅಣ್ಣಾ. (ದಾವಣಗೆರೆ)

ಉತ್ತರ: ವೈವಾ ಇರೋದ್ರಿಂದ ನಿಮಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ತಂಗಿ, ಎಕ್ಸಾಮಿನರ್ ಕೇಳಿದ್ರೆ ಉಪಯೋಗಕ್ಕೆ ಬರುತ್ತೆ. ನಿಮ್ಮ ಕೋಡ್ ನೋಡ್ದೇ ಊಹೆ ಮಾಡ್ತೀನಿ: ಮೌಸ್‌ಡೌನ್ ಇವೆಂಟ್‌ನಲ್ಲೇ ಡೂಡ್ರ್ಯಾಗ್‌ಡ್ರಾಪ್ ಕರೆದಿದೀರ, ಅದಕ್ಕೆ ಮೇಲಿನ ಸಾಲಲ್ಲೇ ಐಟಂನ ಎಡಗಡೆ ಲಿಸ್ಟಿಂದ ತೆಗೆದಿದೀರ.

ಡೂಡ್ರ್ಯಾಗ್‌ಡ್ರಾಪ್ ಕರೆದ್ರೆ ಕೋಡ್ ಅಲ್ಲೇ ನಿಲ್ಲುತ್ತೆ. ಬಳಸೋರು ಬೆರಳು ಬಿಡೋವರೆಗೂ ಅಥವಾ ಎಸ್ಕೇಪ್ ಒತ್ತೋವರೆಗೂ ಕೆಳಗಿನ ಸಾಲಿಗೆ ಬರಲ್ಲ, ಆ ಹೊತ್ತಿನಲ್ಲಿ ಮೌಸನ್ನ ಅದೇ ನೋಡ್ಕೊಳ್ಳುತ್ತೆ, ಮೌಸ್‌ಅಪ್ ಕೂಡ ಅದರ ಹೊಟ್ಟೆಗೇ. ಡಬಲ್ ಕ್ಲಿಕ್ ಯಾಕೆ ಸತ್ತೋಯ್ತು ಗೊತ್ತಾಯ್ತಲ್ಲ, ಮೊದಲ ಒತ್ತಿಗೇ ಡ್ರ್ಯಾಗ್ ಶುರುವಾಗಿರುತ್ತೆ. ಆದ್ದರಿಂದ ಮೌಸ್‌ಡೌನ್‌ನಲ್ಲಿ ಯಾವ ಐಟಂ ಮೇಲೆ ಒತ್ತಿದ್ರು, ಎಲ್ಲಿ ಒತ್ತಿದ್ರು ಅಷ್ಟನ್ನ ಬರೆದಿಟ್ಕೊಳ್ಳಿ. ಮೌಸ್‌ಮೂವ್‌ನಲ್ಲಿ ಎಡ ಬಟನ್ ಇನ್ನೂ ಒತ್ತಿದೆಯಾ, ಸ್ವಲ್ಪ ದೂರ ಸರಿದಿದ್ದಾರಾ ನೋಡಿ, ಸರಿದಿದ್ರೆ ಮಾತ್ರ ಡ್ರ್ಯಾಗ್ ಶುರು ಮಾಡಿ. ಎಷ್ಟು ದೂರ ಅಂತ ನೀವೇ ತೀರ್ಮಾನ ಮಾಡಬೇಡಿ, ಸಿಸ್ಟಂಇನ್ಫರ್ಮೇಷನ್ ಕ್ಲಾಸ್‌ನ ಡ್ರ್ಯಾಗ್‌ಸೈಜ್ ಕೇಳಿ, ಸಾಮಾನ್ಯವಾಗಿ 4 ಪಿಕ್ಸೆಲ್ ಇರುತ್ತೆ (ಕ್ಯೂಟಿಯೋರು ಇದನ್ನೇ 10 ಇಟ್ಟಿದ್ದಾರೆ). ವಯಸ್ಸಾದೋರ ಕೈ ನಡುಗುತ್ತೆ ಅಂತ ಯಾರಾದ್ರೂ ಅದನ್ನ ಜಾಸ್ತಿ ಮಾಡ್ಕೊಂಡಿದ್ರೆ ನಿಮ್ಮ ಪ್ರೋಗ್ರಾಂ ಅದಕ್ಕೆ ಮರ್ಯಾದೆ ಕೊಟ್ಟ ಹಾಗಾಗುತ್ತೆ. ಐಟಂ ಯಾವುದು ಅನ್ನೋದನ್ನ ಮೌಸ್‌ಮೂವ್‌ನಲ್ಲಿ ಕೇಳಬೇಡಿ ಮತ್ತೆ, ಅಷ್ಟರಲ್ಲಿ ಕರ್ಸರ್ ಪಕ್ಕದ ಹೆಸರಿನ ಮೇಲೆ ಜಾರಿರುತ್ತೆ, ರಮ್ಯಾನ ಎಳೆದ್ರೆ ರಶ್ಮಿ ಟ್ರಿಪ್‌ಗೆ ಹೋಗ್ತಾಳೆ.

ಈಗ ಮಾಯವಾಗೋ ವಿಷಯ. ಡೂಡ್ರ್ಯಾಗ್‌ಡ್ರಾಪ್ ಮುಗಿದ ಮೇಲೆ ಒಂದು ಬೆಲೆ ವಾಪಸ್ ಕೊಡುತ್ತೆ, ಬಹಳ ಜನ ಅದನ್ನ ತಿರುಗಿಯೂ ನೋಡಲ್ಲ. ಮೂವ್ ಅಂತ ಬಂದ್ರೆ ಆ ಕಡೆಯೋರು ತಗೊಂಡ್ರು, ಈಗ ಎಡಗಡೆಯಿಂದ ತೆಗೀರಿ. ಕಾಪಿ ಅಂತ ಬಂದ್ರೆ ಇಲ್ಲೂ ಇರಲಿ. ನನ್ ಅಂದ್ರೆ ಎಸ್ಕೇಪ್ ಒತ್ತಿದ್ರು, ಇಲ್ಲಾ ಬೇಡದ ಜಾಗದಲ್ಲಿ ಬಿಟ್ರು, ಏನೂ ಮುಟ್ಟಬೇಡಿ. ಅಡುಗೆ ಮನೆಯಿಂದ ಪಕ್ಕದ ಮನೆಗೆ ಪಾತ್ರೆ ಕೊಡುವಾಗ ಅವರು ಗಟ್ಟಿಯಾಗಿ ಹಿಡ್ಕೊಂಡ ಮೇಲೆ ತಾನೇ ನಾವು ಕೈ ಬಿಡೋದು, ನೀವು ಮುಂಚೆನೇ ಬಿಟ್ಟಿದೀರ.

ಅಷ್ಟೇ ಮುಖ್ಯ ಇನ್ನೊಂದು. ಡೂಡ್ರ್ಯಾಗ್‌ಡ್ರಾಪ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಏನೇನು ಒಪ್ಪಿಗೆ ಅಂತ ಕೊಡ್ತೀರಲ್ಲ, ಅಲ್ಲಿ ಬರೀ ಮೂವ್ ಕೊಟ್ಟು ಬಲಗಡೆ ಡ್ರ್ಯಾಗ್‌ಎಂಟರ್‌ನಲ್ಲಿ ಕಾಪಿ ಅಂತ ಹಾಕಿದ್ರೆ ಇಬ್ಬರ ಮಾತೂ ಕೂಡಲ್ಲ, ಮತ್ತೆ ಅದೇ ಅಡ್ಡಗೆರೆ ಸೊನ್ನೆ. ಕೊಡೋರು ಒಪ್ಪಿದ್ದರಲ್ಲೇ ತಗೊಳ್ಳೋರು ಒಂದನ್ನ ಆರಿಸಬೇಕು. ಕಂಟ್ರೋಲ್ ಕೀ ಒತ್ತಿ ಎಳೆದ್ರೆ ಕಾಪಿ ಆಗಲಿ ಅನ್ನೋ ಆಸೆ ಇದ್ರೆ ಡ್ರ್ಯಾಗ್‌ಓವರ್‌ನಲ್ಲಿ ಕೀಸ್ಟೇಟ್ ನೋಡಿ, 8ರ ಬಿಟ್ ಕಂಟ್ರೋಲ್ ಕೀದು, 4ರದ್ದು ಶಿಫ್ಟ್‌ದು. ವೈವಾ ಚೆನ್ನಾಗಿ ಮಾಡಿ.

ಪ್ರಶ್ನೆ: ಡ್ರಾಪ್ ಮಾಡಿದ ಜಾಗ ಒಂದು, ಐಕಾನ್ ಕೂತ್ಕೊಳ್ಳೋ ಜಾಗ ಇನ್ನೊಂದು. ವಿಂಡೋ ಮ್ಯಾಕ್ಸಿಮೈಸ್ ಮಾಡಿದ್ರೆ ಹತ್ತಿರ ಹತ್ತಿರ ಸರಿ ಇರುತ್ತೆ. (ಮೈಸೂರು)

ಉತ್ತರ: ವಿನ್‌ಫಾರ್ಮ್ಸ್ ಡ್ರ್ಯಾಗ್ ಇವೆಂಟ್‌ಗಳಲ್ಲಿ ಬರೋ ಎಕ್ಸ್ ಮತ್ತು ವೈ ಇಡೀ ಪರದೆ ಲೆಕ್ಕದ್ದು, ನಿಮ್ಮ ಕಂಟ್ರೋಲ್ ಲೆಕ್ಕದ್ದಲ್ಲ. ಪಾಯಿಂಟ್‌ಟುಕ್ಲೈಂಟ್ ಕರೆದು ಬದಲಾಯಿಸ್ಕೊಳ್ಳಿ. ಎಡಗಡೆ ಎರಡನೇ ಮಾನಿಟರ್ ಇಟ್ಕೊಂಡೋರಿಗೆ ಮೈನಸ್ ಎಕ್ಸ್ ಬರುತ್ತೆ, ಗಾಬರಿ ಬೀಳಬೇಡಿ.

ಪ್ರಶ್ನೆ: ಒಂದು ಸಲಕ್ಕೆ ಮುನ್ನೂರು ನಾನ್ನೂರು ಫೋಟೋ ಎಳೆದು ಹಾಕ್ತಾರೆ, ನನ್ನ ಪ್ರೋಗ್ರಾಂ ಒಂದೊಂದನ್ನೂ ಸಣ್ಣದು ಮಾಡುತ್ತೆ. ಅಷ್ಟು ಹೊತ್ತೂ ನನ್ನ ವಿಂಡೋ ಅಲ್ಲದೆ ಎಕ್ಸ್‌ಪ್ಲೋರರ್ ಕೂಡ ಹೆಪ್ಪುಗಟ್ಟುತ್ತೆ. ಫೋಲ್ಡರ್ ಹಾಕಿದ್ರೆ ಏನೂ ಬರಲ್ಲ. (ಉಡುಪಿ)

ಉತ್ತರ: ಎಕ್ಸ್‌ಪ್ಲೋರರ್ ಕೂಡ ಮೇಲಿನ ದಾವಣಗೆರೆ ವಿದ್ಯಾರ್ಥಿನಿ ಥರಾನೇ ಡೂಡ್ರ್ಯಾಗ್‌ಡ್ರಾಪ್ ಕರೆದು ಕಾಯ್ತಿದೆ, ನಿಮ್ಮ ಡ್ರ್ಯಾಗ್‌ಡ್ರಾಪ್ ಹ್ಯಾಂಡ್ಲರ್ ಮುಗಿಯೋವರೆಗೂ ಅದಕ್ಕೆ ಬಿಡುಗಡೆ ಇಲ್ಲ. ಅಲ್ಲಿ ನೀವು ಮೆಸೇಜ್ ಬಾಕ್ಸ್ ತೋರಿಸಿ ಬಳಸೋರು ಟೀ ಕುಡಿಯೋಕೆ ಹೋದ್ರೆ ಆ ಎಕ್ಸ್‌ಪ್ಲೋರರ್ ವಿಂಡೋನೂ ಅವರು ಬರೋವರೆಗೆ ಕಾಯುತ್ತೆ. ಹ್ಯಾಂಡ್ಲರ್ ಒಳಗೆ ಪಾತ್‌ಗಳ ಅರೇ ಅಷ್ಟನ್ನ ತಗೊಳ್ಳಿ, ಬಿಗಿನ್‌ಇನ್ವೋಕ್‌ಗೋ ಬ್ಯಾಕ್‌ಗ್ರೌಂಡ್ ಟಾಸ್ಕ್‌ಗೋ ಒಪ್ಪಿಸಿ ತಕ್ಷಣ ಹೊರಗೆ ಬನ್ನಿ. ಚಿತ್ರ ಸಣ್ಣದು ಮಾಡೋದು ಟಾಸ್ಕ್‌ನಲ್ಲಿ, ಪರದೆಗೆ ತೋರಿಸೋದು ಮಾತ್ರ ಯುಐ ಥ್ರೆಡ್‌ನಲ್ಲಿ. ಡೇಟಾ ಆಬ್ಜೆಕ್ಟನ್ನೇ ಎತ್ತಿ ಟಾಸ್ಕ್‌ಗೆ ಕೊಟ್ಟು "ಆಮೇಲೆ ಓದ್ಕೋ" ಅನ್ನಬೇಡಿ, ನೀವು ಹೊರಗೆ ಬಂದ ಮೇಲೆ ಕೊಟ್ಟೋರು ಅದನ್ನ ವಾಪಸ್ ತಗೊಂಡು ಹೋಗಿರ್ತಾರೆ.

ಫೋಲ್ಡರ್ ಎಳೆದಾಗ ಬರೋದು ಫೋಲ್ಡರ್‌ನ ಪಾತ್ ಮಾತ್ರ, ಒಳಗಿರೋದನ್ನ ನೀವೇ ಹೊಕ್ಕು ನೋಡಬೇಕು. ಹಾಗೇ, ಫೈಲ್ ವಿಷಯದಲ್ಲಿ ಎಫೆಕ್ಟ್‌ಗೆ ಮೂವ್ ಅಂತ ಹಾಕೋ ಚಾಳಿ ಇದ್ರೆ ಬಿಡಿ. ಮೂವ್ ಅಂದ್ರೆ "ನಾನು ಇಟ್ಕೊಂಡೆ, ನಿಂದು ತೆಗಿ" ಅಂತ ಕೊಟ್ಟೋರಿಗೆ ಹೇಳಿದ ಹಾಗೆ. ಗಿರಾಕಿಯ ಮದುವೆ ಫೋಟೋ ಜೊತೆ ಆ ಆಟ ಬೇಡ.

ಪ್ರಶ್ನೆ: ಎಲೆಕ್ಟ್ರಾನ್‌ನಲ್ಲಿ (ವೆಬ್ ಪುಟದ ಕೋಡಿಂದಲೇ ಡೆಸ್ಕ್‌ಟಾಪ್ ಆಪ್ ಮಾಡೋ ಸಾಧನ) ಬರೆದಿದೀನಿ. ಚಿತ್ರ ಎಳೆದು ಬಿಟ್ರೆ ನನ್ನ ಪೂರ್ತಿ ಆಪ್ ಹೋಗಿ ಆ ಚಿತ್ರವೇ ವಿಂಡೋ ತುಂಬಾ ಬರುತ್ತೆ. ಬಿಡೋ ಜಾಗದ ಸುತ್ತ ನೀಲಿ ಅಂಚು ತೋರಿಸ್ತೀನಿ, ಅದು ಪಿಳಿಪಿಳಿ ಅನ್ನುತ್ತೆ. ಅಪ್‌ಡೇಟ್ ಮಾಡಿದ ಮೇಲೆ ಫೈಲ್‌ನ ಪಾತ್ ಕೂಡ ಅನ್‌ಡಿಫೈನ್ಡ್. (ಬೆಂಗಳೂರು)

ಉತ್ತರ: ಎಲೆಕ್ಟ್ರಾನ್ ಒಳಗಿರೋದು ಬ್ರೌಸರ್, ಬ್ರೌಸರ್‌ಗೆ ಫೈಲ್ ಬಿಟ್ರೆ ತೆರೆಯೋದು ಅದರ ಹುಟ್ಟುಗುಣ. ಇಲ್ಲಿ ಹೂಂ ಅನ್ನೋ ವಿಧಾನವೇ ತಿರುಗುಮುರುಗು: ಡ್ರ್ಯಾಗ್‌ಓವರ್‌ನಲ್ಲಿ ಪ್ರಿವೆಂಟ್‌ಡಿಫಾಲ್ಟ್ ಕರೆದ್ರೆ, ಅಂದ್ರೆ "ತಡಿ" ಅಂದ್ರೆ, ತಗೋತೀನಿ ಅಂತ ಅರ್ಥ. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಮಾಡಿಟ್ಟ ಪದ್ಧತಿ ಇದು, ಆಮೇಲೆ ಎಚ್‌ಟಿಎಂಎಲ್ 5ರೋರು ಅದನ್ನೇ ಮುಂದುವರಿಸಿದ್ರು, ಇಡೀ ಪ್ರಪಂಚ ಇವತ್ತಿಗೂ ಅನುಭವಿಸ್ತಿದೆ. ಡ್ರ್ಯಾಗ್‌ಓವರ್, ಡ್ರಾಪ್ ಎರಡರಲ್ಲೂ ಕರೀರಿ, ಇಡೀ ಡಾಕ್ಯುಮೆಂಟ್ ಮಟ್ಟದಲ್ಲೂ ಒಂದು ಸಲ ಕರೀರಿ, ಇಲ್ದಿದ್ರೆ ಜಾಗ ತಪ್ಪಿ ಪಕ್ಕದಲ್ಲಿ ಬಿಟ್ಟೋರಿಗೆ ಮತ್ತೆ ಅದೇ ಗತಿ.

ಪಿಳಿಪಿಳಿಗೆ ಕಾರಣ ಒಳಗಿರೋ ಮಕ್ಕಳು. ಕರ್ಸರ್ ಡಬ್ಬಿ ಒಳಗಿನ ಬರಹದ ಮೇಲೆ ಹೋದ್ರೆ ಬರಹಕ್ಕೆ ಡ್ರ್ಯಾಗ್‌ಎಂಟರ್, ಹಿಂದೆನೇ ಡಬ್ಬಿಗೆ ಡ್ರ್ಯಾಗ್‌ಲೀವ್, ನೀವು ಅಂಚು ತೆಗೀತೀರ. ಒಂದು ಎಣಿಕೆ ಇಟ್ಕೊಳ್ಳಿ, ಎಂಟರ್‌ಗೆ ಒಂದು ಕೂಡಿ, ಲೀವ್‌ಗೆ ಒಂದು ಕಳೀರಿ, ಸೊನ್ನೆ ಆದಾಗ ಮಾತ್ರ ಅಂಚು ತೆಗೀರಿ, ಡ್ರಾಪ್ ಆದಾಗ ಸೊನ್ನೆಗೆ ತನ್ನಿ (ಇದನ್ನ ಮರೆತ್ರೆ ಎರಡನೇ ಸಲ ಅಂಚು ಹೋಗೋದೇ ಇಲ್ಲ). ಪಾತ್ ವಿಷಯ ನಿಮ್ಮ ತಪ್ಪಲ್ಲ, 2024ರಲ್ಲಿ ಬಂದ ಎಲೆಕ್ಟ್ರಾನ್ 32ರಲ್ಲಿ ಫೈಲ್ ಆಬ್ಜೆಕ್ಟ್‌ನ ಪಾತ್ ಪ್ರಾಪರ್ಟಿ ತೆಗೆದಿದ್ದಾರೆ, ಪ್ರಿಲೋಡ್ ಸ್ಕ್ರಿಪ್ಟ್‌ನಲ್ಲಿ ವೆಬ್‌ಯುಟಿಲ್ಸ್‌ನ ಗೆಟ್‌ಪಾತ್‌ಫಾರ್‌ಫೈಲ್ ಬಳಸಿ.

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. ಹಳೇ ನುಡಿ ಫಾಂಟ್‌ನಲ್ಲಿರೋ ವರ್ಡ್ ಫೈಲಿಂದ ಬರಹ ಸೆಲೆಕ್ಟ್ ಮಾಡಿ ನಮ್ಮ ಹುಡುಗ ಬರೆದ ಪ್ರೋಗ್ರಾಂಗೆ ಎಳೆದು ಹಾಕಿದ್ರೆ ಕನ್ನಡ ಹೋಗಿ ಏನೇನೋ ಇಂಗ್ಲಿಷ್ ಬರುತ್ತೆ. ಇನ್ನೊಂದು ವರ್ಡ್ ಫೈಲಿಗೆ ಎಳೆದ್ರೆ ಸರಿ ಇರುತ್ತೆ. (ಗದಗ)

ಉತ್ತರ: ನಿಮ್ಮ ಹುಡುಗನ್ನ ಬೈಬೇಡಿ. ಎಳೆದು ಹಾಕೋವಾಗ ವರ್ಡ್ ಒಂದೇ ಬರಹವನ್ನ ಹಲವು ರೂಪದಲ್ಲಿ ತಟ್ಟೆಲಿಟ್ಟು ತರುತ್ತೆ, ಬರೀ ಅಕ್ಷರ ಒಂದು, ಫಾಂಟ್ ವಿವರವೂ ಇರೋ ಆರ್‌ಟಿಎಫ್ ಒಂದು, ಎಚ್‌ಟಿಎಂಎಲ್ ಒಂದು. ಹಳೇ ನುಡಿ ಫೈಲಲ್ಲಿ ನಿಜವಾಗಿ ಇರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಫಾಂಟ್ ಅವಕ್ಕೆ ಕನ್ನಡದ ಮುಖ ತೊಡಿಸುತ್ತೆ. "ಕ" ಅಂತ ನಿಮಗೆ ಕಾಣೋದು ಒಳಗಡೆ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರೋ ಎ. ನಿಮ್ಮ ಪ್ರೋಗ್ರಾಂ ಬರೀ ಅಕ್ಷರದ ರೂಪ ತಗೊಂಡಿದೆ, ಫಾಂಟ್ ಹಿಂದೆನೇ ಉಳೀತು, ಮುಖವಾಡ ಕಳಚಿತು. ಇನ್ನೊಂದು ವರ್ಡ್ ಫೈಲು ಫಾಂಟ್ ಹೆಸರೂ ಇರೋ ರೂಪ ತಗೊಳ್ಳುತ್ತೆ, ಅದಕ್ಕೆ ಸರಿ ಕಾಣುತ್ತೆ.

ಡ್ರಾಪ್‌ನಲ್ಲಿ ಆರ್‌ಟಿಎಫ್ ರೂಪ ಇದ್ರೆ ಅದನ್ನ ತಗೊಂಡು ಫಾಂಟ್ ಹೆಸರು ನೋಡಿ, ನುಡಿ ಅಂತಿದ್ರೆ ಆ ತುಂಡನ್ನ ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಹಾಕಿ ಅಂತ ಹುಡುಗನಿಗೆ ಹೇಳಿ. ಫಾಂಟ್ ನೋಡದೆ ಎಲ್ಲವನ್ನೂ ಪರಿವರ್ತಿಸಿದ್ರೆ ಮಧ್ಯೆ ಇರೋ ನಿಜವಾದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗ್ತವೆ, ಆಹ್ವಾನ ಪತ್ರಿಕೇಲಿ ಅಂಥದ್ದು ಅಚ್ಚಾದ್ರೆ ಫೋನ್ ಬರೋದು ನಿಮಗೆ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ, ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸ್ತೀನಿ. ಹೋದ ಸಂಚಿಕೆಯ ನಿಮ್ಮ ಸಲಹೆ ಕೇಳಿ ಸ್ವಲ್ಪ ಸಿಟ್ಟು ಬಂತು. ಆಫೀಸಿನ ಒಂದು ಪ್ರೋಗ್ರಾಂನಲ್ಲಿ ಫೈಲ್ ಸೇರಿಸೋಕೆ ಎಳೆದು ಹಾಕೋದು ಬಿಟ್ಟು ಬೇರೆ ದಾರಿಯೇ ಇಲ್ಲ. ಪ್ರತಿ ಸಲ ಪಕ್ಕದ ಸೀಟಿನವರನ್ನ ಕರೀಬೇಕು. (ಮಂಗಳೂರು)

ಉತ್ತರ: ಸಿಟ್ಟು ಬಂದಿದ್ದು ಸರಿ. "ಜೊತೆಗೆ" ಅಂತ ಬರೆದಿದ್ದೆ ನಿಜ, ಆದ್ರೆ ಬ್ರೌಸ್ ಬಟನ್ ತೆಗೆದುಹಾಕಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿತ್ತು. ವೆಬ್ ಎಲ್ಲರಿಗೂ ಬಳಸೋಕಾಗಲಿ ಅಂತ ಬರೆದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯಲ್ಲಿ, ಅದು 2023ರದ್ದು, 2.5.7 ಅಂತ ಒಂದು ನಿಯಮವೇ ಇದೆ, ಎಳೆದು ಮಾಡೋ ಕೆಲಸವನ್ನ ಎಳೆಯದೇನೂ ಮಾಡೋ ಹಾಗಿರಬೇಕು ಅಂತ. ಅದು ಹೇಳೋದು ಬರೀ ಕ್ಲಿಕ್‌ನ ಬಗ್ಗೆ, ಕೀಬೋರ್ಡಿಂದಲೂ ಆಗಬೇಕು ಅಂತ ಬೇರೆ ನಿಯಮ ಅದಕ್ಕಿಂತ ಮುಂಚಿಂದನೇ ಇದೆ. ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯೋರು ಇದು ವೆಬ್‌ನೋರಿಗೆ ಅಂತ ತಪ್ಪಿಸ್ಕೋತಾರೆ.

ಇದನ್ನ ಓದ್ತಿರೋ ಕೋಡ್ ಬರೆಯೋರಿಗೆ: ಬ್ರೌಸ್ ಬಟನ್ ಇಟ್ಟೇ ಇಡಿ, ಅದರ ಮೇಲೆ ಪೇಸ್ಟ್ ಕೂಡ ಕೊಡಿ, ಅದು ಹತ್ತಿರ ಹತ್ತಿರ ಪುಕ್ಕಟೆ ಬರುತ್ತೆ. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಮೇಲೆ ಕಂಟ್ರೋಲ್ ಸಿ ಒತ್ತಿದ್ರೆ ಕ್ಲಿಪ್‌ಬೋರ್ಡ್‌ಗೆ ಹೋಗೋದು ಡ್ರ್ಯಾಗ್‌ನಲ್ಲಿ ಬರೋ ಅದೇ ಥರದ ಡೇಟಾ ಆಬ್ಜೆಕ್ಟ್, ಅದರಲ್ಲಿ ಅದೇ ಫೈಲ್‌ಡ್ರಾಪ್ ಫಾರ್ಮ್ಯಾಟ್. ನಿಮ್ಮ ಡ್ರ್ಯಾಗ್‌ಡ್ರಾಪ್ ಹ್ಯಾಂಡ್ಲರ್ ಒಳಗಿರೋ ಕೋಡನ್ನ ಡೇಟಾ ಆಬ್ಜೆಕ್ಟ್ ತಗೊಳ್ಳೋ ಒಂದು ಫಂಕ್ಷನ್ ಮಾಡಿ ಹೊರಗಿಡಿ, ಕಂಟ್ರೋಲ್ ವಿ ಒತ್ತಿದಾಗ ಕ್ಲಿಪ್‌ಬೋರ್ಡ್‌ನ ಗೆಟ್‌ಡೇಟಾಆಬ್ಜೆಕ್ಟ್ ಕರೆದು ಬಂದಿದ್ದನ್ನ ಅದೇ ಫಂಕ್ಷನ್‌ಗೆ ಕೊಡಿ. ನಿಮ್ಮ ಪತ್ರ ಬಂದ ದಿನ ರಾತ್ರಿ ನಾನು ಆ ಲೆಕ್ಕಪತ್ರದ ಹಳೇ ಪ್ರೋಗ್ರಾಂ ತೆಗೆದು ಹೀಗೆ ಮಾಡಿದೆ, ಹೊಸದಾಗಿ ಬರೆದಿದ್ದು ಆರು ಸಾಲು. ಫೈಲ್ ಸೇರಿತು ಅಂತ ಸ್ಕ್ರೀನ್ ರೀಡರ್‌ಗೆ ಕೇಳಿಸೋ ಹಾಗೆ ಮಾಡೋಕೆ ಮಾತ್ರ ಇನ್ನೂ ಒದ್ದಾಡ್ತಿದೀನಿ. ಈಗ ಪೇಸ್ಟ್ ಆದ ಮೇಲೆ ಫೋಕಸನ್ನ ಪಟ್ಟಿಯಲ್ಲಿ ಹೊಸದಾಗಿ ಬಂದ ಹೆಸರಿನ ಮೇಲೆ ತಂದು ನಿಲ್ಲಿಸ್ತಿದೀನಿ, ಎನ್‌ವಿಡಿಎ ಆ ಹೆಸರು ಓದುತ್ತೆ. ಬಳಸೋರಾಗಿ ನಿಮಗೆ ಅಷ್ಟು ಸಾಕಾ, ಇಲ್ಲಾ ಎಷ್ಟು ಫೈಲ್ ಸೇರಿತು ಅಂತಲೂ ಹೇಳಬೇಕಾ, ಬರೆದು ತಿಳಿಸಿ.